ನೇತಾಡುವ ತಾಂಡೇಲ

ಅಂತರಿಕ್ಷದಲ್ಲಿ ಕತೆ ನಡೆಸುವವನಿಗೆ ಭೂಮಿಯ ಮೇಲೆ ನೆಮ್ಮದಿ ಇರುವುದಿಲ್ಲ. ದಿನ ಬೆಳಗಾದರೆ ಏನಾದರೊಂದು ನಡೆದೇ ನಡೆಯುತ್ತದೆ. ಹೊಟ್ಟೆಪಾಡಿಗೆ ನಾನು ಹೊನ್ನಾವರದಲ್ಲಿ ಬೋಟುಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವವನು. ಹಠಕ್ಕೆ, ಕುಮಟಾದಿಂದ ಹೊರಡುವ ಒಂದು ಸಣ್ಣ ಪತ್ರಿಕೆಗೆ ದಿನಾ ಮೂರು ಚೌಕದ ಚಿತ್ರಕತೆ ಬರೆಯುವವನು. ಅದರ ನಾಯಕ ಒಬ್ಬ ತಾಂಡೇಲ. ಬೋಟು ನಡೆಸುವವನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಇವನು ನಡೆಸುವುದು ಗಗನನೌಕೆ, ಅಷ್ಟೇ ವ್ಯತ್ಯಾಸ. ಅವನ ವೈರಿ ಶನಿಲೋಕದ ದೊರೆ. ಮೊದಲ ಚೌಕದಲ್ಲಿ ತಾಂಡೇಲ ನಿನ್ನೆಯ ಗಂಡಾಂತರದಿಂದ ಪಾರಾಗುತ್ತಾನೆ, ಎರಡನೆಯದರಲ್ಲಿ ಸುಧಾರಿಸಿಕೊಳ್ಳುತ್ತಾನೆ, ಮೂರನೆಯದರಲ್ಲಿ ಹೊಸ ಗಂಡಾಂತರಕ್ಕೆ ಬೀಳುತ್ತಾನೆ. ಕೆಳಗೆ ‘ಮುಂದುವರಿಯುವುದು’ ಎಂದು ಬರೆದು ನಾನು ಬ್ರಶ್ ತೊಳೆಯುತ್ತೇನೆ.

ಹೋದ ವರ್ಷ ಪತ್ರಿಕೆಗೆ ಹೊಸ ಮ್ಯಾನೇಜರ್ ಬಂದ. ಸಂಪಾದಕರ ಸೋದರಳಿಯ. ಬಂದವನೇ ನನ್ನನ್ನು ಕರೆಸಿದ. ರಾಕೆಟ್ ಹಾರುವುದನ್ನು ಜನ ಈಗ ಮೊಬೈಲಿನಲ್ಲೇ ನೋಡುತ್ತಾರೆ, ನಿಮ್ಮ ನೌಕೆಗೆ ಇನ್ನೂ ಮೀನಿನ ಬಾಲ ಇದೆ ಎಂದ. “ಅದೂ ಅಲ್ದೆ ನಿಮ್ಮ ನಾಯಕ ದಿನಾ ಎಲ್ಲಾದ್ರೂ ನೇತಾಡ್ತಾ ಇರ್ತಾನೆ. ಯಾರು ಓದ್ತಾರೆ ಇದನ್ನ?” ಮಳೆಗಾಲ ಹಿಡಿಯುವುದರೊಳಗೆ ಕತೆ ಮುಗಿಯಬೇಕು, ಆ ಜಾಗ ಜಾಹೀರಾತಿಗೆ ಬೇಕು ಎಂದು ಅಪ್ಪಣೆಯಾಯಿತು.

ಯಾರು ಓದುತ್ತಾರೆ ಎಂದು ಹೇಳಹೊರಟೆ. ಅವನಿಗೆ ಕೇಳುವ ಪುರುಸೊತ್ತಿರಲಿಲ್ಲ. ನೀವಾದರೂ ಕೇಳಿ.

ಬಂಗುಡೆಯ ಕಟ್ಟು

ಕುಮಟಾ ಮೀನುಪೇಟೆಯ ಒಬ್ಬಾಕೆ ಬಂಗುಡೆ ಕಟ್ಟಿಕೊಡಲು ರದ್ದಿ ಅಂಗಡಿಯಿಂದ ಹಳೇ ಪೇಪರು ತರುತ್ತಾಳೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದರೊಳಗೆ ನನ್ನ ಕತೆ ಹುಡುಕಿ ಅಕ್ಕಪಕ್ಕದವರಿಗೆ ಓದಿ ಹೇಳುತ್ತಾಳೆ. ರದ್ದಿ ಅಂಗಡಿಯವ ತಾರೀಕು ನೋಡಿ ಕಟ್ಟು ಕಟ್ಟುವುದಿಲ್ಲವಲ್ಲ. ಒಂದು ದಿನ ನನ್ನನ್ನು ಕಂಡವಳೇ ಕತ್ತಿ ಕೆಳಗಿಟ್ಟು ಗದರಿದಳು. ಮೊನ್ನೆ ಓದಿದರೆ ದೊರೆಯ ಕೋಟೆ ಸುಟ್ಟು ಬೂದಿಯಾಗಿದೆ, ನಿನ್ನೆ ಓದಿದರೆ ಅದೇ ಕೋಟೆಗೆ ಸುಣ್ಣ ಬಳಿಯುತ್ತಿದ್ದಾರೆ, ಇವತ್ತು ಓದಿದರೆ ಪಾಯವನ್ನೇ ತೋಡಿಲ್ಲ. ನಿನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಕೇಳಿದಳು.

ತಪ್ಪು ನನ್ನದಲ್ಲ, ರದ್ದಿಯದು ಎಂದೆ. ಆಕೆ ಒಪ್ಪಲಿಲ್ಲ. ಯಾವ ಹಾಳೆ ಮೊದಲು ಸಿಕ್ಕರೂ ತಿಳಿಯುವ ಹಾಗೆ ಬರೆಯಬೇಕಂತೆ. ಅದೊಂದು ಮಾತ್ರ ನನ್ನಿಂದ ಆಗುವುದಿಲ್ಲ, ಧಾರಾವಾಹಿ ಅಂದ ಮೇಲೆ ಒಂದರ ಹಿಂದೆ ಒಂದು ಓದಬೇಕು ಎಂದು ನಾನೂ ಪಟ್ಟು ಹಿಡಿದೆ. ಕಡೆಗೆ ಆಕೆಯೇ ದಾರಿ ಕಂಡುಕೊಂಡಳು. ಈಗ ಕಟ್ಟು ಬಿಚ್ಚಿ, ನನ್ನ ಕತೆ ಇರುವ ಹಾಳೆಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಮಣೆಯ ಕೆಳಗೆ ಜೋಪಾನ ಇಡುತ್ತಾಳೆ. ಹಾಗಾದರೆ ಬಂಗುಡೆಯನ್ನು ಯಾವುದರಲ್ಲಿ ಕಟ್ಟುತ್ತೀ ಎಂದು ಕೇಳಿದೆ.

“ಸಂಪಾದಕ್ರು ಬರೀತಾರಲ, ಆ ಪುಟ ಉಂಟು,” ಅಂದಳು. “ಅದು ಹಿಂದೆ ಓದಿದ್ರೂ ಒಂದೇ, ಮುಂದೆ ಓದಿದ್ರೂ ಒಂದೇ.”

ಶುಕ್ರನ ದಡದಲ್ಲಿ ರಿಪೇರಿ

ಜೂನ್ ಬಂತೆಂದರೆ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ಸರಕಾರದ ಕಾಯಿದೆ. ಎಲ್ಲ ದಡ ಹತ್ತಿ ನಿಲ್ಲುತ್ತವೆ, ನನಗೆ ಬಣ್ಣದ ಕೆಲಸ ಸಿಗುತ್ತದೆ. ಹಾಗೊಂದು ಮಳೆಗಾಲ ಭಟ್ಕಳ ಬಂದರಿನಲ್ಲಿ ತಾಡಪಾಲಿನಡಿ ಕೂತು ಹೆಸರು ತಿದ್ದುತ್ತಿದ್ದೆ. ಬೋಟಿನ ಮಾಲೀಕ ಪೇಪರ್ ಹಿಡಿದುಕೊಂಡು ಬಂದ. “ನಮ್ಮ ಬೋಟೆಲ್ಲ ದಡದ ಮೇಲೆ. ನಿನ್ನ ತಾಂಡೇಲ ಒಬ್ಬ ಎಂತಕ್ಕೆ ಹೊರಟ?” ಎಂದು ಕೇಳಿದ.

ಅವನು ಹೊರಟಿರುವುದು ಶುಕ್ರಗ್ರಹಕ್ಕೆ, ಅಲ್ಲಿ ಮೀನಿಲ್ಲ ಎಂದೆ. ಮೀನಿಲ್ಲದ ಕಡೆ ಹೋಗುವವ ಎಂಥಾ ತಾಂಡೇಲ ಎಂದು ಸುತ್ತ ನಿಂತವರು ನಕ್ಕರು. ತೆಂಗಿನಕಾಯಿ ಒಡೆಯದೆ ನೌಕೆ ಬಿಟ್ಟದ್ದಕ್ಕೆ ಬೇರೆ ಆಕ್ಷೇಪ ಬಂತು. ನನಗೆ ಸಿಟ್ಟು ಬಂತು. ಅಂತರಿಕ್ಷಕ್ಕೆ ಯಾರ ಕಾಯಿದೆಯೂ ಇಲ್ಲ, ನನ್ನ ತಾಂಡೇಲ ತನಗೆ ಬೇಕಾದಾಗ ಹೊರಡುತ್ತಾನೆ, ಬೇಕಾದಾಗ ಬರುತ್ತಾನೆ ಎಂದು ಎಲ್ಲರೆದುರು ಖಡಾಖಂಡಿತವಾಗಿ ಹೇಳಿಬಿಟ್ಟೆ.

ಮರುದಿನದ ಕತೆಯಲ್ಲಿ ನೌಕೆಯ ಇಂಜಿನ್ ಕೆಟ್ಟು ಅವನು ಶುಕ್ರನ ದಡದಲ್ಲಿ ಇಳಿಯಬೇಕಾಯಿತು. ಆಗಸ್ಟ್ ಬರುವವರೆಗೂ ರಿಪೇರಿ ಮುಗಿಯಲಿಲ್ಲ. ಇಂಜಿನ್ ಕೆಡುವುದು ಇಂಥ ಕತೆಗಳಲ್ಲಿ ಮಾಮೂಲು, ಅದಕ್ಕೂ ಅವರ ಮಾತಿಗೂ ಯಾವ ಸಂಬಂಧವೂ ಇಲ್ಲ. ಮತ್ತೆ ಹೊರಡುವಾಗ ಕಾಯಿ ಒಡೆದದ್ದಂತೂ ತಾಂಡೇಲನ ಸ್ವಂತ ತೀರ್ಮಾನ.

ದೊರೆಯ ಮಾತು

ಹೊನ್ನಾವರದ ಚಾದಂಗಡಿಯಲ್ಲಿ ಒಬ್ಬ ನಿವೃತ್ತ ಗುಮಾಸ್ತರು ದಿನಾ ನನಗಾಗಿ ಕಾಯುತ್ತಿದ್ದರು. ಅವರ ತಕರಾರು ಒಂದೇ. ದೊರೆ ತಾಂಡೇಲನನ್ನು ಕಂಬಕ್ಕೆ ಕಟ್ಟಿಹಾಕಿದ ಮೇಲೆ ಸುಮ್ಮನೆ ಕೊಂದು ಕೈತೊಳೆದುಕೊಳ್ಳುವುದು ಬಿಟ್ಟು, ತಾನು ಭೂಮಿಯನ್ನು ಹೇಗೆ ನಾಶ ಮಾಡುತ್ತೇನೆ ಎಂದು ವಾರಗಟ್ಟಲೆ ವಿವರಿಸುತ್ತಾನಲ್ಲ, ಯಾಕೆ? ಅಷ್ಟರಲ್ಲಿ ಇವನು ಹಗ್ಗ ಬಿಚ್ಚಿಕೊಳ್ಳುವುದಿಲ್ಲವೇ?

ಗುಮಾಸ್ತರಿಗೆ ಯಕ್ಷಗಾನದ ಹುಚ್ಚು ಎಂದು ನನಗೆ ಗೊತ್ತು. ರಂಗದ ಮೇಲೆ ರಾಕ್ಷಸ ಕತ್ತಿ ಎತ್ತಿಕೊಂಡೇ ಗಂಟೆಗಟ್ಟಲೆ ಅರ್ಥ ಹೇಳುವಾಗ ನೀವು ಎದ್ದುನಿಂತು ಬೇಗ ಹೊಡಿ ಅನ್ನುತ್ತೀರಾ ಎಂದು ಕೇಳಿದೆ.  ಅಲ್ಲಿ ಎದುರಿನವನೂ ಉತ್ತರ ಕೊಡುತ್ತಾನೆ, ನಿಮ್ಮ ತಾಂಡೇಲ ಮೂಗನ ಹಾಗೆ ನಿಂತಿರುತ್ತಾನೆ, ಅದೇ ದೋಷ ಎಂದರು ಗುಮಾಸ್ತರು. ಎಂಥ ಉತ್ತರ ಕೊಡಬೇಕಿತ್ತು ಎಂದು ತೋರಿಸಲು ಎದ್ದೂ ನಿಂತರು. ಕೈ ಹಿಂದೆ ಕಟ್ಟಿಕೊಂಡು, ಅಂಗಡಿಯ ಕಂಬಕ್ಕೆ ಬೆನ್ನು ಕೊಟ್ಟು, ದೊರೆಯ ಕುಲ, ಶೀಲ, ನೀತಿ ಎಲ್ಲವನ್ನೂ ಜಾಲಾಡಿದರು. ಚಾ ಆರಿತು. ಗಿರಾಕಿಗಳು ಬಂದರು, ಹೋದರು. ನಡುನಡುವೆ ಆವೇಶ ಬಂದು ಎರಡೂ ಕೈ ಮುಂದೆ ಬಂದು ಕುಣಿಯುತ್ತಿದ್ದವು.

ಕಡೆಗೆ ಅಂಗಡಿಯವ ತಡೆಯಲಾರದೆ ಹೇಳಿದ: “ಹಗ್ಗ ಬಿಚ್ಚಿ ಅರ್ಧ ತಾಸಾತು. ಇನ್ನಾದ್ರೂ ಓಡಿ ಮಾರಾಯ್ರೆ.”

ಎರಡೇ ಚೌಕ

ಭಟ್ಕಳದ ಒಬ್ಬಾಕೆಯ ಗಂಡ ದುಬೈಯಲ್ಲಿದ್ದಾನೆ. ಬೆಳಿಗ್ಗೆ ಪೇಪರ್ ಬಂದೊಡನೆ ನನ್ನ ಕತೆಯ ಫೋಟೊ ತೆಗೆದು ಅವನಿಗೆ ಕಳಿಸುವುದು ಆಕೆಯ ರೂಢಿ. ತಮ್ಮನ ಮದುವೆಗೆ ಬರಲಾಗುವುದಿಲ್ಲ, ರಜೆ ಇಲ್ಲ ಎಂದು ಅವನು ಹೇಳಿದ ದಿನದಿಂದ ಆಕೆ ಮೊದಲ ಎರಡೇ ಚೌಕ ಕಳಿಸತೊಡಗಿದಳು. ಅವನಿಗೆ ತಾಂಡೇಲ ಪಾರಾದದ್ದು ದಿನಾ ಗೊತ್ತಾಗುತ್ತಿತ್ತು, ಯಾವುದರಿಂದ ಪಾರಾದ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಹೇಗೋ ನನ್ನ ನಂಬರ್ ಸಂಪಾದಿಸಿ ಫೋನ್ ಮಾಡಿದ. ಮೂರನೇ ಚೌಕವನ್ನು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದೆ.

ಅವನಿಗೆ ರಜೆ ಸಿಕ್ಕಿತು. ಮನೆಗೆ ಬಂದವನು ಬ್ಯಾಗು ಕೆಳಗಿಡುವ ಮುಂಚೆಯೇ ಉಳಿದ ಚೌಕಗಳನ್ನು ಕೇಳಿದನಂತೆ. ಮೊದಲು ಚಪ್ಪರಕ್ಕೆ ಕಂಬ ನಿಲ್ಲಿಸು, ಕಂಬಕ್ಕೊಂದು ಚೌಕ ಕೊಡುತ್ತೇನೆ ಅಂದಳಂತೆ ಹೆಂಡತಿ.

ಕೈ ಬಿಡದವರು

ಇಷ್ಟೆಲ್ಲ ಓದುಗರಿರುವ ಕತೆಯನ್ನು ಮುಗಿಸು ಎಂದರೆ ಹೇಗೆ ಮುಗಿಸಲಿ? ಮದುವೆ ಮಾಡಿಸಿ, ಇಲ್ಲವೇ ಸಾಯಿಸಿ, ಒಟ್ಟು ಶನಿವಾರಕ್ಕೆ ಕೊನೆಯಾಗಲಿ ಎಂದ ಮ್ಯಾನೇಜರ್. ನಾನು ಎರಡನ್ನೂ ಮಾಡಲಿಲ್ಲ. ಶನಿವಾರದ ಮೂರನೇ ಚೌಕದಲ್ಲಿ ತಾಂಡೇಲ ನೌಕೆಯ ಏಣಿಯಿಂದ ಒಂದೇ ಕೈಯಲ್ಲಿ ನೇತಾಡುತ್ತಿದ್ದ. ಮೇಲೆ ನಿಂತ ದೊರೆ ಅವನ ಬೆರಳು ತುಳಿಯಲು ಕಾಲೆತ್ತಿದ್ದ. ಕೆಳಗೆ ಎಂದಿನಂತೆ ‘ಮುಂದುವರಿಯುವುದು’ ಎಂದು, ಎಂದಿಗಿಂತ ದಪ್ಪ ಅಕ್ಷರದಲ್ಲಿ ಬರೆದೆ. ಮರುದಿನ ಆ ಜಾಗದಲ್ಲಿ ಸೋಫಾ ಅಂಗಡಿಯ ಜಾಹೀರಾತು ಬಂತು. ಅವತ್ತು ನನಗೆ ಊಟ ಸೇರಲಿಲ್ಲ.

ಬೋಟುಗಳು ದಡ ಹತ್ತಿದವು. ಶುಕ್ರಗ್ರಹದ ವಿಷಯದಲ್ಲಿ ನನ್ನೊಡನೆ ಜಗಳವಾಡಿದ್ದ ಅದೇ ಭಟ್ಕಳದ ಮಾಲೀಕ ಕರೆಸಿ, ಈ ಸಲ ಕ್ಯಾಬಿನ್ನಿನ ಹಿಂಬದಿಗೆ ಹೂವು ಬಳ್ಳಿ ಬೇಡ, ಪೇಪರಿನಲ್ಲಿ ಬಂದ ಆ ಕೊನೆಯ ಚೌಕವನ್ನು ದೊಡ್ಡದಾಗಿ ಬರೆ ಎಂದ. ಪೇಪರಿನವರು ನಿಲ್ಲಿಸಿದರೆ ನಾವು ನಿಲ್ಲಿಸಬೇಕೆಂದಿಲ್ಲ, ಮೊದಲ ಸಲ ಕಡಲಿಗೆ ಹೋಗಿ ಬಂದ ಮೇಲೆ ಅದರ ಮೇಲೆ ಮುಂದಿನದನ್ನು ಬರೆ ಎಂದ. ನನ್ನ ಕಣ್ಣು ಒದ್ದೆಯಾಯಿತು. ಬಣ್ಣದ ಘಾಟು ಎಂದು ಹೇಳಿದೆ.

ಆಗಸ್ಟಿನಲ್ಲಿ ತಾಂಡೇಲನನ್ನು ನೇತುಹಾಕಿಕೊಂಡು ಹೋದ ಬೋಟು ಅಂಚಿನವರೆಗೂ ಮೀನು ತುಂಬಿಕೊಂಡು ಬಂತು. ನಾನು ಡಬ್ಬಿ, ಬ್ರಶ್ ಹಿಡಿದು ಓಡಿದೆ. ಮಾಲೀಕ ಎರಡೂ ಕೈ ಅಡ್ಡ ಹಿಡಿದ. “ಮುಟ್ಬೇಡ. ಅವ ನೇತಾಡ್ತಾ ಇದ್ರೇ ಮೀನು ಬತ್ತದೆ.” ಮುಂದಿನ ಸಲವೂ ಮೀನು ಬಂತು. ಮತ್ತೆ ಕೇಳಬೇಕೇ? ಭಟ್ಕಳದಿಂದ ತದಡಿಯವರೆಗೆ ಬೋಟಿನವರು ನನ್ನನ್ನು ಎಳೆದಾಡಿದರು. ಎಲ್ಲರಿಗೂ ಅದೇ ಚೌಕ ಬೇಕು, ಮುಂದಿನದು ಯಾರಿಗೂ ಬೇಡ.

ಅಷ್ಟರಲ್ಲಿ ಮ್ಯಾನೇಜರ್ ಹೊನ್ನಾವರ ಬಂದರಿಗೇ ನನ್ನನ್ನು ಹುಡುಕಿಕೊಂಡು ಬಂದ. ಹೊಳೆಯುವ ಬೂಟು, ಮೂಗಿಗೆ ಕರವಸ್ತ್ರ. ಕತೆ ಏನಾಯಿತು ಎಂದು ದಿನಾ ಫೋನ್ ಬರುತ್ತಿದೆ, ಮಾವ ಬಯ್ಯುತ್ತಿದ್ದಾರೆ, ನಾಳೆಯಿಂದಲೇ ಶುರುಮಾಡಿ ಎಂದ. ಮೊದಲ ಚೌಕದಲ್ಲೇ ತಾಂಡೇಲನನ್ನು ಮೇಲೆ ಹತ್ತಿಸಿಬಿಡಿ ಎಂದೂ ಸೇರಿಸಿದ. ಮೀನು ಇಳಿಸಲು ಅಲ್ಲಿಗೇ ಬಂದಿದ್ದ ಭಟ್ಕಳದ ಮಾಲೀಕ ಇದನ್ನು ಕೇಳಿಸಿಕೊಂಡು ಬುಟ್ಟಿ ಕೆಳಗಿಟ್ಟ.

“ಪೇಪರಲ್ಲಿ ಅವ ಮೇಲೆ ಹತ್ತಿದ ಅಂದ್ರೆ ನಮ್ಮ ಮೀನು ಹೋತು,” ಅಂದ. “ಆ ದಿನದಿಂದ ನಿಮ್ಮ ಪೇಪರ್ ಯಾವ ಬಂದರಿಗೂ ಬರೂದು ಬೇಡ.”

ಮ್ಯಾನೇಜರ್ ನನ್ನ ಮುಖ ನೋಡಿದ. ನಾನು ಕಡಲು ನೋಡಿದೆ.

ಈಗ ಕತೆ ದಿನಾ ಬರುತ್ತಿದೆ, ಸೋಫಾ ಒಳಪುಟಕ್ಕೆ ಹೋಗಿದೆ. ಸುತ್ತಮುತ್ತ ಯುದ್ಧವಾಗುತ್ತದೆ, ಉಲ್ಕೆ ಬೀಳುತ್ತದೆ, ದೊರೆ ಎತ್ತಿದ ಕಾಲಿನಲ್ಲೇ ಭಾಷಣ ಮಾಡುತ್ತಾನೆ. ತಾಂಡೇಲ ಮಾತ್ರ ಅದೇ ಏಣಿಗೆ, ಅದೇ ಕೈಯಲ್ಲಿ. ಪುಟ ಅಚ್ಚಿಗೆ ಹೋಗುವ ಮುಂಚೆ ಮ್ಯಾನೇಜರ್ ತಪ್ಪದೆ ಫೋನ್ ಮಾಡುತ್ತಾನೆ.

“ಇವತ್ತೂ ನೇತಾಡ್ತಾ ಇದ್ದಾನೆ ಅಲ್ವಾ? ಕೈ ಬಿಟ್ಟಿಲ್ಲ ತಾನೆ?”

ಅವನೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ ಎಂದು ಹೇಳಿ ಫೋನ್ ಇಡುತ್ತೇನೆ.