ಕಕ್ಕಸಿಗೆ ಬಿದ್ದ ಬೀಗ

ಬೆಳಕು ಹರಿಯುವ ಮೊದಲೇ ಅವಳು ನಲ್ಲಿಯಿಂದ ಆರು ಕೊಡ ನೀರು ಹೊತ್ತಾಗಿತ್ತು, ಒಲೆ ಹಚ್ಚಿಯಾಗಿತ್ತು, ಹೊಲಿಗೆ ಅಂಗಡಿಯ ಹತ್ತು ಅಂಗಿಗಳಿಗೆ ಗುಂಡಿ ಹಾಕಿಯಾಗಿತ್ತು. ಮಂಡಿ ನೋವಿನ ಅತ್ತೆಯನ್ನು ಬೀದಿ ಕೊನೆಯ ಕಾಸಿನ ಕಕ್ಕಸಿಗೆ ನಡೆಸಿ, ಸಾಲಿನಲ್ಲಿ ನಿಲ್ಲಿಸಿ, ವಾಪಸು ಕರೆತಂದೂ ಆಗಿತ್ತು. ಅತ್ತೆಯ ಸರದಿಗೇ ತಡವಾದ್ದರಿಂದ ತನ್ನ ಸರದಿ ಬಿಟ್ಟೇ ಬಂದಿದ್ದಳು. ಸೋಜಿಗವೆಂದರೆ, ಅವಳ ಹಿತ್ತಿಲಲ್ಲೇ ಹೊಚ್ಚಹೊಸ ಕಕ್ಕಸು ಹನ್ನೊಂದು ದಿನದಿಂದ ಥಳಥಳ ಹೊಳೆಯುತ್ತಿತ್ತು. ಅದಕ್ಕೆ ಬೀಗ!

ಗಂಡ ಬೀಗ ರಿಪೇರಿಯವನು. "ಸಾಹೇಬರು ನೋಡೋ ತನಕ ಒಂದು ನೊಣಾನೂ ಒಳಗೆ ಹೋಗ್ಕೂಡ್ದು! ಅವರು ಸಹಿ ಹಾಕಿದ್ರೇನೇ ಕಚೇರಿಯಿಂದ ಸರ್ಕಾರದ ಅರ್ಧ ದುಡ್ಡು ಬರೋದು" ಎಂದು ಸಾರಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಇನ್ನರ್ಧ ದುಡ್ಡು ಅವಳ ಮೂರು ವರ್ಷದ ಅಂಗಿ ಗುಂಡಿಗಳು. ಅವು ಆಗಲೇ ಇಟ್ಟಿಗೆಯಾಗಿ ಗೋಡೆ ಸೇರಿದ್ದವು. ಒಳಗಿನ ಚಿಲಕವೂ ಗಂಡನದೇ ಕುಸುರಿ. "ಒಳಗಿಂದ ಹಾಕ್ಕೊಂಡ್ರೆ ಹೊರಗಿಂದ ನನ್ನ ಕೈಲೂ ತೆಗೆಯಕ್ಕಾಗಲ್ಲ!"

ಇವತ್ತು ಸಾಹೇಬರು ಬರುವ ದಿನ. ಅವರಿಗಿಂತ ಮೊದಲೇ ಗಾರೆಯವನು ಸ್ಕ್ರೂಡ್ರೈವರ್ ಹಿಡಿದು ಬಂದು ಕೂತಿದ್ದ.

"ಸಹಿ ಬೀಳ್ಲಿಲ್ಲಾಂದ್ರೆ ನನ್ನ ಬಾಕಿ ಕೂಲಿಗೆ ಬಾಗಿಲು ಬಿಚ್ಕೊಂಡು ಹೋಗ್ತೀನಿ ಅಕ್ಕಾ. ನನಗೂ ಹೆಂಡತಿ ಮಕ್ಕಳಿದ್ದಾರೆ."

ಬಾಗಿಲಿಲ್ಲದ ಕಕ್ಕಸು! ಬೆಳಗಿನಿಂದ ತಡೆದುಕೊಂಡೇ ಇದ್ದ ಅವಳು ಒಂದು ಕೊಡ ನೀರನ್ನು ಹಿತ್ತಿಲಿಗೆ ತಂದಿಟ್ಟಳು.

ಸಾಹೇಬರು ಬಂದರು. ಗಂಡ ಅರಮನೆಯ ಖಜಾನೆ ತೆರೆಯುವವನಂತೆ ಬೀಗ ತೆಗೆದ. ಅವರು ಚೀಟಿಯೂ ಕೀಳದ ಬಕೆಟ್ಟನ್ನು ನೋಡಿದರು, ಒಣಗಿದ ನೆಲ ಮುಟ್ಟಿದರು.

"ಎಷ್ಟು ಜನ ಬಳಸ್ತೀರಿ?"

"ಒಬ್ಬರನ್ನೂ ಬಿಟ್ಟಿಲ್ಲ ಸಾರ್! ಹೆಂಡತಿ ಅತ್ತೂ ಕರೆದೂ ಮಾಡಿದ್ಲು, ನಾನು ಜಗ್ಗಲಿಲ್ಲ!"

ಪೆನ್ನು ನಿಂತಿತು. "ಬಳಕೆಯಲ್ಲಿರೋದಕ್ಕೆ ಮಾತ್ರ ದುಡ್ಡು ಕಣಪ್ಪಾ. ಇದು ಬರೀ ಕೋಣೆ. 'ಬಳಕೆಯಲ್ಲಿಲ್ಲ' ಅಂತಲೇ ಬರೀಬೇಕು."

ಗಂಡನ ಮುಖ ಸುಣ್ಣವಾಯಿತು. ತಿರುಗಿದ್ದು ಹೆಂಡತಿಯ ಮೇಲೆ. "ನೀನಾದ್ರೂ ಹೇಳ್ಬಾರ್ದಿತ್ತೇನೇ?"

"ಹನ್ನೊಂದು ದಿನ ಬೀಗದ ಕೈ ಕೇಳಿದ್ದು ಮತ್ಯಾಕಂತ? ಕೊರಳಿಗೆ ಹಾಕ್ಕೊಳ್ಳೋಕಾ?"

ಗಾರೆಯವನು ಎದ್ದು, ಬಾಗಿಲ ಕೀಲಿನ ಮೊದಲ ಸ್ಕ್ರೂಗೆ ಕೈ ಹಾಕಿದ. ಅವಳು ಯಾರನ್ನೂ ಕೇಳಲಿಲ್ಲ. ನೀರು ತುಂಬಿದ ಕೊಡ ಎತ್ತಿಕೊಂಡು, ಮೂವರನ್ನೂ ದಾಟಿ ಒಳಹೊಕ್ಕು ಚಿಲಕ ಜಡಿದಳು.

"ಏ! ಸಾಹೇಬರಿದ್ದಾರೆ ಕಣೇ! ಹೊರಗೆ ಬಾ!"

"ಸಾರ್," ಒಳಗಿನಿಂದ ದನಿ ಬಂತು, "ಬಳಕೆಯಲ್ಲಿದೆ. ಬರ್ಕೊಳ್ಳಿ!"

ಗಂಡ ಬಾಗಿಲು ಜಗ್ಗಿದ. ಅವನದೇ ಚಿಲಕ, ಅಲ್ಲಾಡಲಿಲ್ಲ. ಹಿತ್ತಿಲ ಮಂಚದಿಂದ ಅತ್ತೆ, "ಅವಳ ಪಾಡಿಗೆ ಬಿಡೋ, ಮುಂದಿನ ಸರದಿ ನಂದು!" ಎಂದು ಗದರಿದರು.

ಕೊನೆಗೆ ಕಾಗದದ ಮೇಲೆ ಪೆನ್ನು ಗೀಚಿದ ಸದ್ದು. "ಆಯ್ತಮ್ಮಾ, ಸಹಿ ಹಾಕ್ದೆ."

ಗಾರೆಯವನು ಸ್ಕ್ರೂಡ್ರೈವರ್ ಜೇಬಿಗಿಳಿಸಿದ.

"ಇನ್ನಾದ್ರೂ ಬಾರೇ! ಎಷ್ಟು ಹೊತ್ತು ನಿಲ್ಲೋದು?" ಎಂದ ಗಂಡ.

ಅವಳು ಎಂದೋ ಮುಗಿಸಿದ್ದಳು. ಒಲೆ, ಕೊಡ, ಗುಂಡಿ ಎಲ್ಲವೂ ಬಾಗಿಲಾಚೆ ಕಾಯುತ್ತಿದ್ದವು. ಮೂವರು ಗಂಡಸರು ಸಾಲಾಗಿ ನಿಂತಿದ್ದರು. ಚಿಲಕದ ಮೇಲಿಟ್ಟ ಕೈಯನ್ನು ಅವಳು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.