ಸದ್ಭಾವನಾ ಬೆಂಚು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ, ಈ ಐದು ತಾಲೂಕುಗಳಲ್ಲಿ ಕಳೆದ ಎರಡು ವರ್ಷಗಳಿಂದ ಒಂದೇ ಒಂದು ಹಳೆಯ ಕಾಮಿಕ್ ಪುಸ್ತಕವೂ ದುರಸ್ತಿಯಾಗಿಲ್ಲ. ಇದು ದಾಖಲೆಯಲ್ಲಿರುವ ಸಂಗತಿ. ದಾಖಲೆ ಬರೆಯುವವಳು ನಾನೇ.

ಗಡಿಭಾಗದ ಹಳೇ ಕಾಮಿಕ್ ಮಾರಾಟಗಾರರ ಸಂಘದ ಕಚೇರಿ ಚಿಕ್ಕೋಡಿಯಲ್ಲಿದೆ. ಕೆಳಗೆ ಬೀಜ-ಗೊಬ್ಬರದ ಅಂಗಡಿ, ಮೇಲೆ ನಾವು. ಅಧ್ಯಕ್ಷರಾದ ಅಣ್ಣಾಸಾಬರಿಗೆ ಸತ್ತಿ ಊರಲ್ಲಿ ಹೊಳೆಯ ದಂಡೆಗೆ ಕಬ್ಬು, ಅಥಣಿಯ ಹತ್ತಿರ ದ್ರಾಕ್ಷಿ ತೋಟ, ತೋಟದೊಳಗೆ ಒಣದ್ರಾಕ್ಷಿ ಮಾಡುವ ಶೆಡ್ಡು ಇವೆ. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕಾರಣ ಎರಡು: ನನಗೆ ಇಂಗ್ಲಿಷ್ ಬರುತ್ತದೆ, ಎದುರುಮಾತು ಬರುವುದಿಲ್ಲ. ಎರಡನೆಯದನ್ನು ಅಣ್ಣಾಸಾಬರು ಸಂದರ್ಶನದಲ್ಲಿಯೇ ಮೆಚ್ಚಿಕೊಂಡರು.

ಸಂಘ ಹುಟ್ಟಿದ್ದು ಒಂದು ವಕೀಲರ ನೋಟಿಸಿನಿಂದ. ಅಣ್ಣಾಸಾಬರು ಮುಂಬೈಯ ಒಬ್ಬರಿಗೆ ನಲವತ್ತು ವರ್ಷದ ಹಿಂದಿನ ಕಾಮಿಕ್ ಒಂದನ್ನು ಮಾರಿದ್ದರು. ಮುಖಪುಟದ ಅರ್ಧ ಭಾಗಕ್ಕೆ ಸ್ಕೆಚ್ ಪೆನ್ನಿನ ಬಣ್ಣ ತುಂಬಿದ್ದು ಗೊತ್ತಾಗಿ ಅವರು ನೋಟಿಸು ಕಳಿಸಿದರು. ಅಣ್ಣಾಸಾಬರು ಅದನ್ನು ತಮ್ಮ ವಕೀಲರಿಗೆ ತೋರಿಸಿದಾಗ ವಕೀಲರು, ದುರಸ್ತಿ ಆಗಿದ್ದು ಗೊತ್ತಿದ್ದೂ ಮುಚ್ಚಿಟ್ಟು ಮಾರಿದರೆ ಮೋಸ, ಗೊತ್ತೇ ಇಲ್ಲದೆ ಮಾರಿದರೆ ಸದ್ಭಾವನೆ ಎಂದು ಬಿಡಿಸಿ ಹೇಳಿದರು.

ಅಣ್ಣಾಸಾಬರು ನೋಟಿಸನ್ನು ಮಡಚಿ ಕಿಸೆಗೆ ಇಟ್ಟುಕೊಂಡರು.

"ಅಂದ್ರ ವಕೀಲ್ರ, ತಪ್ಪ ಇರೂದು ದುರಸ್ತಿ ಒಳಗಲ್ಲ. ಗೊತ್ತಿರೂದ್ರಾಗ."

ಮರುದಿನವೇ ಒಂದು ಬೆಂಚು ತರಿಸಲಾಯಿತು. ಅದನ್ನು ಗೋಡೆಗೆ ಎದುರಾಗಿ, ಮೊಣಕಾಲು ತಾಗುವಷ್ಟು ಹತ್ತಿರ ಇಡಲಾಯಿತು. ಬೆಂಚಿನ ಮೇಲೆ ಕೂತವರ ಕಣ್ಣಿಗೆ ನೇರವಾಗಿ ಬೀಳುವಂತೆ ಗೋಡೆಗೆ ನಿಯಮಗಳನ್ನು ಅಂಟಿಸಲಾಯಿತು:

"ನಿಯಮ ೧. ಪುಸ್ತಕ ತಂದವರು ಅದನ್ನು ಮೇಜಿನ ಮೇಲಿಟ್ಟು, ಸದ್ಭಾವನಾ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತುಕೊಳ್ಳತಕ್ಕದ್ದು.

ನಿಯಮ ೨. ಕತ್ತರಿಯ ಸಪ್ಪಳವನ್ನು ತಿಳಿವಳಿಕೆ ಎಂದು ಪರಿಗಣಿಸತಕ್ಕದ್ದಲ್ಲ.

ನಿಯಮ ೩. ಎದ್ದು ನೋಡಿದಾಗ ಪುಸ್ತಕವು ಮೊದಲಿಗಿಂತ ಚೆನ್ನಾಗಿ ಕಂಡುಬಂದಲ್ಲಿ, ಅದು ಕಚೇರಿಯ ಬೆಳಕಿನ ಗುಣವೆಂದು ತಿಳಿಯತಕ್ಕದ್ದು."

ಬೆಂಚಿನ ಬೆನ್ನ ಹಿಂದೆ ಕೂಡುವವರು ನಿಪ್ಪಾಣಿಯ ತಾರಾಬಾಯಿ. ಇಪ್ಪತ್ತೈದು ವರ್ಷ ಬೀಡಿ ಸುತ್ತಿದ ಕೈ. ಎಲೆಯ ಅಂಚನ್ನು ಉಗುರಿನಿಂದ ಒಳಗೆ ಮಡಚಿ ಸೇರಿಸಿದರೆ ಶುರುವಾದದ್ದೆಲ್ಲಿ, ಮುಗಿದದ್ದೆಲ್ಲಿ ಎಂದು ಸೇದುವವನಿಗೂ ತಿಳಿಯಬಾರದು. ಅದೇ ಕೈಗೆ ಹರಿದ ಮುಖಪುಟ ಎಷ್ಟರ ಕೆಲಸ. ಬೀಡಿಯ ಮೊರದಲ್ಲಿಯೇ ಅವರು ಅಂಟು, ಕತ್ತರಿ, ತುಕ್ಕು ಹಿಡಿಸಿದ ಹೊಸ ಪಿನ್ನುಗಳನ್ನು ಇಟ್ಟುಕೊಂಡಿದ್ದಾರೆ. ಹಾಳೆ ಹಳದಿಯಾಗಿದ್ದರೆ ಅಣ್ಣಾಸಾಬರ ಶೆಡ್ಡಿಗೆ ಹೋಗುತ್ತದೆ. ಅಲ್ಲಿ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುತ್ತಾರೆ. ದ್ರಾಕ್ಷಿ ಬಂಗಾರದ ಬಣ್ಣಕ್ಕೆ ಬರುತ್ತದೆ, ಪಕ್ಕದಲ್ಲಿಟ್ಟ ಕಾಮಿಕ್ಕು ಬೆಳ್ಳಗಾಗುತ್ತದೆ. ಗಂಧಕದ ವಾಸನೆಯನ್ನು ಕೊಳ್ಳುವವರು ಹಳೆಯ ಕಾಗದದ ವಾಸನೆಯೆಂದು ನಂಬಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಎಲ್ಲ ಮುಗಿದ ಮೇಲೆ ನಾನು ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಟೈಪ್ ಮಾಡುತ್ತೇನೆ: ಈ ಪುಸ್ತಕ ಮೂಲ ಸ್ಥಿತಿಯಲ್ಲಿದೆ, ಮಾರುವವರಿಗೆ ಯಾವ ದುರಸ್ತಿಯೂ ಗೊತ್ತಿಲ್ಲ. ಪ್ರಮಾಣಪತ್ರದ ಎರಡನೆಯ ಅರ್ಧ ಪೂರ್ತಿ ಸತ್ಯ.

ಹೀಗೆ ಸುಖವಾಗಿ ನಡೆದಿರುವಾಗ ಮೈಸೂರಿನ ಒಬ್ಬ ಡಾಕ್ಟರರ ಫೋನ್ ಬಂತು. ಅವರಿಗೆ 'ಸಿಡಿಲಸಿಂಗ' ಎಂಬ ಕಾಮಿಕ್ಕಿನ ಮೊದಲ ಸಂಚಿಕೆಯನ್ನು ಮಾರಲಾಗಿತ್ತು. ಆ ಕಾಲದಲ್ಲಿ ಅದು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚಾಗುತ್ತಿತ್ತು. ಕನ್ನಡದ್ದು ಈಗ ಸಿಗುವುದೇ ಕಷ್ಟ. ಅಣ್ಣಾಸಾಬರು ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ನೋಡಿ ಸಾರ್," ಎಂದರು ಡಾಕ್ಟರು. "ಎಂಟನೇ ಪುಟದಲ್ಲಿ ಹೀರೋ ಸೇತುವೆಯಿಂದ ಹಾರ್ತಾನೆ, ಕನ್ನಡದಲ್ಲಿ. ಒಂಬತ್ತನೇ ಪುಟದಲ್ಲಿ ಕೆಳಗೆ ಬೀಳ್ತಾನೆ, ಮರಾಠೀಲಿ."

"ಬೀಳೂದ ನೀರಾಗ ಐತಲ್ರಿ?"

"ಇಪ್ಪತ್ತೈದನೇ ಪುಟಕ್ಕೆ ಬಂದ್ರೆ ಮತ್ತೆ ಕನ್ನಡ ಮಾತಾಡ್ತಾನೆ ಸಾರ್."

"ಮತ್ತೇನ ತಕರಾರ್ರಿ? ವಾಪಸ್ ಬಂದಾನಲ್ರಿ."

ವಿಚಾರಣೆ ನಡೆಯಿತು. ಆ ಪುಸ್ತಕದ ನಡುವಿನ ಹಾಳೆಗಳು ಎಂದೋ ಕಳೆದಿದ್ದವು. ತಾರಾಬಾಯಿ ಅಲ್ಲಿಗೆ ಮರಾಠಿ ಪ್ರತಿಯ ನಡುವಿನ ಹಾಳೆಗಳನ್ನು ಸೇರಿಸಿದ್ದರು. ಅದಾದ ಮೇಲೆ ಸಂಘದ ಮೂವರು ಪರಿಶೀಲಕರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದರು. ಮೂವರಿಗೂ ಕಥೆ ಎಲ್ಲಿಯೂ ಕಡಿದಂತೆ ಅನಿಸಿರಲಿಲ್ಲ. ನಮ್ಮ ಕಡೆ ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಒಂದು ಮಾತಾಡಿ ರೂಢಿ. ಯಾವಾಗ ಯಾವುದು ಎಂದು ಯಾರೂ ಲೆಕ್ಕ ಇಡುವುದಿಲ್ಲ. ನಾನೂ ಓದಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ಎರಡನ್ನೂ ಸಮನಾಗಿ ನಿಧಾನ ಓದುತ್ತೇನೆ. ನನಗೂ ಗೊತ್ತಾಗಿರಲಿಲ್ಲ.

ತಾರಾಬಾಯಿ ಮಾತ್ರ ತಪ್ಪೊಪ್ಪಿಕೊಳ್ಳಲಿಲ್ಲ. "ಚಿತ್ರ ಬರೋಬ್ಬರಿ ಅದಾವ, ಕತಿ ಬರೋಬ್ಬರಿ ಐತಿ. ಅಂವ ಯಾವ ಭಾಷಾದಾಗ ಬಿದ್ರೇನ್ರಿ, ಬಿದ್ದದ್ದ ಖರೆ."

ಈ ಮಾತು ಅಣ್ಣಾಸಾಬರ ಮನಸ್ಸಿಗೆ ನಾಟಿತು. ಚಹಾ ಮುಗಿಯುವುದರೊಳಗೆ ನಾನು ಈ ಪ್ರಕಟಣೆ ಟೈಪ್ ಮಾಡಿದೆ: "ಸಿಡಿಲಸಿಂಗ ಮೊದಲ ಸಂಚಿಕೆಯ ನಡುಭಾಗ ಮರಾಠಿಯಲ್ಲಿರುವ ಪ್ರತಿಗಳನ್ನು ಗಡಿ ಆವೃತ್ತಿ ಎಂದು ಕರೆಯತಕ್ಕದ್ದು. ಇದು ಅತ್ಯಂತ ಅಪರೂಪದ್ದಾಗಿದ್ದು, ಅಸಲಿ ಎಂದು ಸಂಘ ಮಾನ್ಯ ಮಾಡುವುದು ಇದನ್ನು ಮಾತ್ರ."

ಪ್ರಕಟಣೆಯನ್ನು ಫೋನಿನಲ್ಲಿಯೇ ಓದಿ ಹೇಳಿದೆವು. ಡಾಕ್ಟರು ದನಿ ಇಳಿಸಿ, "ಇಂಥವು ಎಷ್ಟು ಕಾಪಿ ಇವೆ ಸಾರ್?" ಎಂದು ಕೇಳಿದರು.

"ಸದ್ಯ ನಿಮ್ದೊಂದ."

ಡಾಕ್ಟರು ದೂರನ್ನು ಹಿಂತೆಗೆದುಕೊಂಡರು. ಈ ಪುಸ್ತಕದ ಬಗ್ಗೆ ಇನ್ನು ಮುಂದೆ ತಮಗೆ ಏನೂ ಹೇಳಬಾರದು ಎಂದೂ ಕೇಳಿಕೊಂಡರು. ಬೆಂಚು ಕಳಿಸಲೇ ಎಂದಿದ್ದಕ್ಕೆ, ಬೇಡಿ, ನಮ್ಮ ಮನೆಯಲ್ಲೂ ಗೋಡೆ ಇದೆ ಎಂದರು.

ಅದಾದ ಎರಡು ವಾರಕ್ಕೆ ಮಲಕವ್ವ ಬಂದರು. ದಿಗ್ಗೇವಾಡಿಯವರು, ಆಡು ಮೇಯಿಸುವವರು. ಚೀಲದಿಂದ ಗಂಡನ ಹಳೆಯ ಧೋತರದ ಗಂಟು ತೆಗೆದು, ಬಿಚ್ಚಿ, ಮೇಜಿನ ಮೇಲೆ ಸಿಡಿಲಸಿಂಗನ ಮೊದಲ ಸಂಚಿಕೆಯನ್ನು ಇಟ್ಟರು. ಬೇವಿನ ಎಲೆಯ ವಾಸನೆ ಬಂತು.

"ಇದ ನಮ್ಮ ಮಾಲಕರದ್ರಿ ಸಾವಕಾರ್ರ. ಅವರೀಗ ಇಲ್ಲ. ಸಾಲಿಗೆ ಹೋಗೂವಾಗ ರಾಯಬಾಗ ಟೇಸನ್ದಾಗ ತಗೊಂಡಿದ್ರಂತ. ಒಂದ ಎಮ್ಮಿಗೆ ಸಂಚಕಾರದ ರೊಕ್ಕ ಕೊಟ್ಟ ಬಂದೀನ್ರಿ. ಬರೂ ಸಂತಿಗೆ ಉಳದದ್ದ ಕೊಡಲಿಲ್ಲಂದ್ರ ಬ್ಯಾರೇದಾವ್ರ ಹೊಡಕೊಂಡ ಹೋಗ್ತಾರ."

"ಕುಂಡ್ರಿ ಅಕ್ಕಾರ. ನೋಡೂಣು."

"ಒಂದ ಮಾತ. ಈ ಮೂಲಿ ಆಡ ತಿಂದೈತ್ರಿ. ನಾನ ಜ್ವಾಳದ ಹಿಟ್ಟಿನ ಅಂಟ ಹಚ್ಚಿ ಕಾಗದ ಕೂಡಿಸೀನಿ. ಮದಲ ಹೇಳಿಬಿಡ್ತೀನಿ, ಆಮ್ಯಾಲ ಮಾತ ಬರಬಾರ್ದ ನೋಡ್ರಿ."

ತಾರಾಬಾಯಿಯ ಕೈ ನಿಂತಿತು. ಸಂಘದ ಇತಿಹಾಸದಲ್ಲಿ ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಅಣ್ಣಾಸಾಬರು ಮಲಕವ್ವನನ್ನು, ತಮ್ಮೆದುರು ಯಾರೋ ಚಪ್ಪಲಿ ಹಾಕಿಕೊಂಡೇ ದೇವರ ಕೋಣೆಗೆ ಹೋದರೇನೋ ಎಂಬಂತೆ ನೋಡಿದರು.

ನಾನು ಪುಟ ತಿರುಗಿಸಿದೆ. ಮೂವತ್ತೆರಡೂ ಪುಟ ಇದ್ದವು. ಮೂವತ್ತೆರಡೂ ಕನ್ನಡದಲ್ಲಿದ್ದವು. ಹದಿಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ಒತ್ತಿ ಒತ್ತಿ ಬರೆದಿತ್ತು: ಮುರಗೆಪ್ಪ, ಆರನೇ ಇಯತ್ತೆ, ದಿಗ್ಗೇವಾಡಿ.

ಪರಿಶೀಲನಾ ವರದಿಯಲ್ಲಿ ಮೂರು ದೋಷ ನಮೂದಾದವು. ಮಾರುವವರಿಗೆ ದುರಸ್ತಿ ಗೊತ್ತಿರುವುದರಿಂದ ಸದ್ಭಾವನೆಯ ಕೊರತೆ ಇದೆ. ಗಂಧಕದ ವಾಸನೆ ಇಲ್ಲ. ನಡುಭಾಗ ಮರಾಠಿಯಲ್ಲಿಲ್ಲ.

"ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ಪುಸ್ತಕ ಡುಪ್ಲಿಕೇಟ್ ಕಾಣಾಕತ್ತೈತಿ," ಎಂದರು ಅಣ್ಣಾಸಾಬರು.

"ಪೂರಾ ಒಂದ ಭಾಷಾದಾಗ ಇದ್ರ ಡುಪ್ಲಿಕೇಟ್ ಏನ್ರಿ?"

"ಖರೇದ ಇದ್ದಿದ್ರ ನಡಕ ಮರಾಠಿ ಇರ್ತಿತ್ತ."

"ಹಂಗಾರ ಹೆಂಗ ಮಾಡೂದ್ರಿ?"

"ಮದಲ ನಿಮಗ ಗೊತ್ತಿರೂದ ಹೋಗಬೇಕ. ಮರತಬಿಡ್ರಿ."

ಇದಕ್ಕೆಂದು ಸಂಘದಲ್ಲಿ ಮರೆವಿನ ಅರ್ಜಿ ಇದೆ. ಅರ್ಜಿದಾರರು ತಾವು ಏನನ್ನು ಮರೆತಿದ್ದೇವೆ ಎಂಬುದನ್ನು ಸವಿಸ್ತಾರವಾಗಿ ಬರೆದುಕೊಡಬೇಕು. ಮಲಕವ್ವ ಹೇಳಿದರು, ನಾನು ಬರೆದೆ: ಯಾವ ಆಡು, ಯಾವ ಮೂಲೆ, ಯಾವ ಹಿಟ್ಟು. ಮೂರು ದಿನದ ನಂತರ, ಇಷ್ಟೊಂದು ವಿವರ ತಿಳಿದಿರುವವರು ಮರೆತಿರಲು ಸಾಧ್ಯವಿಲ್ಲ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಎರಡನೆಯ ಸಲ ಅವರು ಏನನ್ನೂ ಬರೆಸದೆ ಬರೀ ಹೆಬ್ಬೆಟ್ಟು ಒತ್ತಿದರು. ಅರ್ಜಿ ಅಪೂರ್ಣವೆಂದು ಮರಳಿತು.

ಸಂತೆಯ ಹಿಂದಿನ ದಿನ ಮಲಕವ್ವ ಮೂರನೆಯ ಸಲ ಮೆಟ್ಟಿಲು ಹತ್ತಿ ಬಂದರು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು.

ತಾರಾಬಾಯಿ ಮೊರವನ್ನು ಹತ್ತಿರ ಎಳೆದುಕೊಂಡರು. ಪಿನ್ನು ಕಿತ್ತ ಸಪ್ಪಳ, ಆಮೇಲೆ ಕತ್ತರಿಯ ಸಪ್ಪಳ. ಬಹಳ ಹೊತ್ತು ನಡೆಯಿತು.

"ಏನರ ಕೇಳಿಸ್ತೇನ್ರಿ ಅಕ್ಕಾರ?" ನಿಯಮದ ಪ್ರಕಾರ ಅಧ್ಯಕ್ಷರು ಇದನ್ನು ಕೇಳಲೇಬೇಕು.

"ಆಡ ಏನೋ ತಿನ್ನಾಕತ್ತಂಗ ಆತ್ರಿ."

"ಬರಕೊ ತಂಗಿ. ಏನೂ ಕೇಳಿಲ್ಲ."

ಬರೆದುಕೊಂಡೆ. ಮಲಕವ್ವ ಗೋಡೆಯನ್ನೇ ನೋಡುತ್ತ ಹೇಳಿದರು: "ಅದರಾಗ ನಮ್ಮ ಮಾಲಕರ ಹೆಸರ ಐತ್ರಿ. ಆ ಒಂದ ಹಾಳಿ ನನಗ ಕೊಡ್ರಿ. ಅಷ್ಟ ಸಾಕ."

"ಯಾವ ಹಾಳಿ? ನಾವ ಏನೂ ತಗದೇ ಇಲ್ಲಲ್ರಿ. ತಗದಿದ್ರ ಕೊಡತಿದ್ವಿ."

ಹಾಳೆ ನನ್ನ ಕೈಗೆ ನಿಲುಕುವಷ್ಟು ದೂರದಲ್ಲಿತ್ತು. ಅದನ್ನು ಕೊಟ್ಟರೆ ತೆಗೆದದ್ದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು. ನಾನು ಪ್ರಮಾಣಪತ್ರ ಟೈಪ್ ಮಾಡುತ್ತಿದ್ದೆ.

ಪುಸ್ತಕ ಒಂದು ರಾತ್ರಿ ಗಂಧಕದ ಹೊಗೆಯಲ್ಲಿದ್ದು ಅಸಲಿಯಾಯಿತು. ಸಂತೆಯ ದಿನ ಬೆಳಿಗ್ಗೆ ಅದಕ್ಕೆ ಗಿರಾಕಿ ಸಿಕ್ಕರು, ಮಧ್ಯಾಹ್ನ ಮಲಕವ್ವನಿಗೆ ಎಮ್ಮೆ ಸಿಕ್ಕಿತು.

ಮಲಕವ್ವನ ಪುಸ್ತಕದಿಂದ ಉಳಿದ ಕನ್ನಡದ ಹಾಳೆಗಳು ವ್ಯರ್ಥವಾಗಲಿಲ್ಲ. ತಾರಾಬಾಯಿ ಅವನ್ನು ಒಂದು ಮರಾಠಿ ಪ್ರತಿಯ ಹೊಟ್ಟೆಗೆ ಹಾಕಿದರು. ಅದನ್ನು ಪುಣೆಯ ಕುಣಾಲ ಎಂಬವರು ಕೊಂಡರು. ಹದಿಮೂರನೆಯ ಪುಟದಲ್ಲಿರುವ ಈ ಹೆಸರು ಯಾರದು ಎಂದು ಅವರು ಪತ್ರ ಬರೆದರು. ಅಣ್ಣಾಸಾಬರು ಉತ್ತರ ಹೇಳಿ ಬರೆಸಿದರು: ಶ್ರೀ ಮುರಗೆಪ್ಪನವರು ಈ ಭಾಗದ ಹಿರಿಯ ಸಂಗ್ರಾಹಕರು, ಅವರ ಹಸ್ತಾಕ್ಷರವಿರುವುದು ಪ್ರತಿ ಅಸಲಿ ಎಂಬುದಕ್ಕೆ ಗುರುತು.

ಕುಣಾಲರು ಇದನ್ನು ತಮಗೆ ಗೊತ್ತಿದ್ದ ಸಂಗ್ರಾಹಕರಿಗೆಲ್ಲ ತಿಳಿಸಿದರು. ಆಮೇಲೆ ಹಸ್ತಾಕ್ಷರ ಇಲ್ಲದ ಪ್ರತಿಯನ್ನು ಯಾರೂ ಮುಟ್ಟದಾದರು. ಮೈಸೂರಿನ ಡಾಕ್ಟರು ತಮ್ಮ ಪ್ರತಿಯನ್ನು ಒಂದು ವಾರದ ಮಟ್ಟಿಗೆ ಕೊರಿಯರಿನಲ್ಲಿ ಕಳಿಸಿ, ಕಾರಣ ತಮಗೆ ಗೊತ್ತಿಲ್ಲ ಎಂದು ಚೀಟಿ ಇಟ್ಟಿದ್ದರು. ತಾರಾಬಾಯಿ ಮೊರದಲ್ಲಿ ಒಂದು ಪೆನ್ಸಿಲು ಇಟ್ಟುಕೊಂಡರು. ಎಂದೋ ರಾಯಬಾಗ ಸ್ಟೇಷನ್ನಿನಲ್ಲಿ ಆರನೆಯ ಇಯತ್ತೆಯ ಹುಡುಗನೊಬ್ಬ ಒಂದೇ ಕಾಮಿಕ್ಕಿನ ನಲವತ್ತೊಂದು ಪ್ರತಿ ಕೊಂಡು, ಎಲ್ಲದರ ಹದಿಮೂರನೆಯ ಪುಟದಲ್ಲೂ ಹೆಸರು ಬರೆದಿದ್ದ ಎಂಬುದು ಈಗ ದಾಖಲೆಯಲ್ಲಿದೆ.

ಇಂಥ ವ್ಯಕ್ತಿಯ ಹೆಂಡತಿಗೆ ಸತ್ಕಾರ ಮಾಡದಿದ್ದರೆ ತಪ್ಪಾಗುತ್ತದೆ. ಕಳೆದ ತಿಂಗಳು ಸಂಘದ ವಾರ್ಷಿಕ ಸಭೆಯಲ್ಲಿ ಮಲಕವ್ವನಿಗೆ ಶಾಲು ಹೊದಿಸಲಾಯಿತು. ಡಾಕ್ಟರು ಮೈಸೂರಿನಿಂದ ಬಂದಿದ್ದರು. ನಿಮ್ಮ ಯಜಮಾನರು ಒಟ್ಟು ಎಷ್ಟು ಪುಸ್ತಕ ಕೊಂಡಿದ್ದರಮ್ಮ ಎಂದು ಅವರು ಕೇಳಿದರು.

"ಒಂದ ಒಂದ್ರಿ," ಎಂದರು ಮಲಕವ್ವ.

ಅವರ ವಿನಯಕ್ಕೆ ಸಭೆ ಚಪ್ಪಾಳೆ ತಟ್ಟಿತು.

ಸಭೆಯ ಚಹಾಕ್ಕೆ ಮಲಕವ್ವ ಎಮ್ಮೆಯ ಹಾಲನ್ನು ಕ್ಯಾನಿನಲ್ಲಿ ತಂದಿದ್ದರು. ಅಣ್ಣಾಸಾಬರು ಮುಚ್ಚಳ ತೆಗೆದು ನೋಡಿ, ಕ್ಯಾನನ್ನು ಸ್ವಲ್ಪ ಅಲುಗಾಡಿಸಿದರು.

"ನೀರ ಹಾಕಿಲ್ಲಲ್ರಿ ಅಕ್ಕಾರ?"

"ಗೊತ್ತಿಲ್ರಿ ಸಾವಕಾರ್ರ. ಹಿಂಡೂವಾಗ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ನಿ."

ಅಣ್ಣಾಸಾಬರು ಮುಚ್ಚಳ ಹಾಕಿದರು. ಚಹಾ ತೆಳ್ಳಗಿತ್ತು, ಎಲ್ಲರೂ ಕುಡಿದರು, ಡಾಕ್ಟರು ಎರಡು ಸಲ. ಹಾಲು ಮೂಲ ಸ್ಥಿತಿಯಲ್ಲಿದೆ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ನಾನು ಬರೆದುಕೊಂಡೆ.