ಅತ್ತಿಗೆಯ ಲೆಕ್ಕದಲ್ಲಿ ತಲೆ ಸರಿ ಇದ್ದವರು

ನಮ್ಮ ಮನೆಯಲ್ಲಿ ತಲೆ ಸರಿ ಇದ್ದವರು ಒಬ್ಬರೂ ಇಲ್ಲ ಎಂಬುದನ್ನು ಸಾಕ್ಷಿ ಸಮೇತ ಕೋರ್ಟಿನಲ್ಲಿ ನಿರೂಪಿಸಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ. ಹೊನ್ನಾವರದಲ್ಲಿ ಸರಕಾರಿ ವಕೀಲೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಹೇಳಿದಾಗ ತಮಾಷೆಯಂತೆ ಕೇಳಿಸುತ್ತದೆ, ಅಷ್ಟೆ.

ಅತ್ತಿಗೆಯ ಕೆಲಸವೇನು ಎಂದು ಮೊದಲು ಹೇಳಬೇಕು. ಕಳ್ಳತನ, ಹೊಡೆದಾಟದ ಖಟ್ಲೆಗಳು ಅವರಿಗೆ ಇದ್ದೇ ಇವೆ. ಅವುಗಳ ನಡುವೆ ಇನ್ನೊಂದು ಜಾತಿಯ ಫೈಲು ಬರುತ್ತದೆ. ಯಾರಿಗಾದರೂ ಮನಸ್ಸಿನ ಕಾಯಿಲೆ ಇದ್ದು, ಅವರಿಂದ ಅವರಿಗೇ ಅಪಾಯವಿದ್ದರೆ, ಅಥವಾ ಮನೆಯವರು ಸರಿಯಾಗಿ ನೋಡಿಕೊಳ್ಳದಿದ್ದರೆ, ಪೊಲೀಸರು ನ್ಯಾಯಾಧೀಶರಿಗೆ ವರದಿ ಕೊಡುತ್ತಾರೆ. ನ್ಯಾಯಾಧೀಶರು ಅವರನ್ನು ತಪಾಸಣೆಗೆಂದು ಆಸ್ಪತ್ರೆಗೆ ಕಳಿಸಬಹುದು. ‘ಕಳಿಸಬೇಕು’ ಎಂದು ಸರಕಾರದ ಪರವಾಗಿ ಎದ್ದು ನಿಂತು ಹೇಳಬೇಕಾದವರು ಅತ್ತಿಗೆ. ನಮ್ಮ ಕಡೆ ಇದನ್ನು ಆಸ್ಪತ್ರೆಗೆ ಕಳಿಸುವುದು ಎನ್ನುವುದಿಲ್ಲ, ‘ಧಾರವಾಡಕ್ಕೆ ಕಳಿಸುವುದು’ ಎನ್ನುತ್ತಾರೆ. ಹೊನ್ನಾವರದಲ್ಲಿ ಯಾರಾದರೂ ನಿಮಗೆ ‘ಒಮ್ಮೆ ಧಾರವಾಡಕ್ಕೆ ಹೋಗಿ ಬನ್ನಿ’ ಎಂದರೆ, ಅವರು ಪೇಢೆಯ ವಿಚಾರ ಹೇಳುತ್ತಿದ್ದಾರೆಯೇ ಎಂದು ಖಚಿತ ಮಾಡಿಕೊಂಡು ಆಮೇಲೆ ನಗಿರಿ.

ಇಂಥ ಫೈಲು ಬಂದಾಗ ಅತ್ತಿಗೆ ಒಂದು ಪದ್ಧತಿ ಅನುಸರಿಸುತ್ತಾರೆ. ಇದು ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲ. ವರದಿಯಲ್ಲಿ ಬರೆದ ಒಂದೊಂದು ಲಕ್ಷಣವನ್ನೂ ಅವರು ಮೊದಲು ನಮ್ಮ ಮನೆಯಲ್ಲಿ ಹುಡುಕುತ್ತಾರೆ. ಸಿಕ್ಕಿತೋ, ಅದನ್ನು ಕೋರ್ಟಿನಲ್ಲಿ ಎತ್ತುವುದಿಲ್ಲ. ನಮ್ಮ ಮನೆಯಲ್ಲಿ ದಿನಾ ನಡೆಯುವುದನ್ನು ಇನ್ನೊಬ್ಬರ ಮನೆಯಲ್ಲಿ ಹುಚ್ಚು ಎಂದು ಯಾವ ಬಾಯಲ್ಲಿ ಹೇಳುವುದು ಎಂದು ಅವರ ವಾದ. ವಾದವೇನೋ ನ್ಯಾಯವಾದದ್ದೇ. ತೊಂದರೆ ಎಂದರೆ, ಹುಡುಕಿದ್ದೆಲ್ಲ ನಮ್ಮ ಮನೆಯಲ್ಲಿ ಸಿಗುತ್ತದೆ!

‘ಒಬ್ಬರೇ ಮಾತಾಡಿಕೊಳ್ಳುತ್ತಾರೆ’ ಎಂದು ಒಂದು ವರದಿಯಲ್ಲಿತ್ತು. ಅತ್ತಿಗೆ ಫೈಲು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಒಳಗೆ ನನ್ನ ಅಮ್ಮ ಕುಕ್ಕರಿಗೆ ಬೈಯುತ್ತಿದ್ದಳು. ಸೀಟಿ ಹಾಕಲು ಇಷ್ಟು ಹೊತ್ತು ಯಾಕೆ ಎಂಬುದು ಅವಳ ತಕರಾರು. ನಡುವೆ ಕಿಟಕಿಯಲ್ಲಿ ಕುಳಿತ ಕಾಗೆಗೆ, ನಿನಗೆ ಬೇರೆ ಮನೆ ಇಲ್ಲವಾ ಎಂದು ಕೇಳಿದಳು. ಅಷ್ಟರಲ್ಲಿ ಕುಕ್ಕರ್ ಸೀಟಿ ಹಾಕಿತು. ‘ಹಾಂ, ಹಂಗೆ’ ಎಂದು ಅದರೊಡನೆ ರಾಜಿಯಾದಳು.

“ಅತ್ತೆ, ಕಾನೂನು ಪ್ರಕಾರ ನಿಮ್ಮನ್ನೂ ಒಯ್ಯಬೇಕಾಗ್ತದೆ,” ಎಂದರು ಅತ್ತಿಗೆ.

“ಒಯ್ಯಿ ಮಾರಾಯ್ತಿ. ಅಲ್ಲಿ ಯಾರಾದ್ರೂ ಬೇಯಿಸಿ ಹಾಕ್ತಾರಲ್ಲ.”

ಅಣ್ಣನಿಗೆ ಬಜಾರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಅಂಗಡಿ ಮುಚ್ಚಿ, ಬೀಗ ಹಾಕಿ, ಎಳೆದು ನೋಡಿ, ಮನೆಯ ಗೇಟಿನ ತನಕ ಬಂದು, ಬೀಗ ಎಳೆದು ನೋಡಿದೆನೋ ಇಲ್ಲವೋ ಎಂದು ತಿರುಗಿ ಹೋಗುತ್ತಾನೆ. ‘ಮಾಡಿದ್ದನ್ನೇ ಮಾಡುತ್ತಾರೆ’ ಎಂಬ ಲಕ್ಷಣ ಅವನ ಪಾಲಿಗೆ ಬಂತು. ನಾನು ಕುಮಟೆಯ ಹೈಸ್ಕೂಲಿನಲ್ಲಿ ಮಾಸ್ತರ. ಬೆಳಗಿನ ಬಸ್ಸಿನಲ್ಲಿ ಚಾಲಕನ ಹಿಂದಿನ ಕಿಟಕಿಯ ಸೀಟು ಖಾಲಿ ಇಲ್ಲದಿದ್ದರೆ ಆ ಬಸ್ಸನ್ನು ಬಿಟ್ಟುಬಿಡುತ್ತೇನೆ. ಇದಕ್ಕೆ ಕಾರಣವಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅತ್ತಿಗೆ ಎದುರು ಕುಳಿತು, ಕಾರಣ ಹೇಳಿ ಮಾಸ್ತರ್ರೇ ಎಂದು ಕೇಳಿದರು. ನಾನು ಯೋಚಿಸಿದೆ. ಸಿಗಲಿಲ್ಲ. ಅಂದಿನಿಂದ ನನ್ನ ಗೊಂದಲ ಶುರುವಾಯಿತು. ಈಗ ಬಸ್ಸಿನಲ್ಲಿ ಆ ಸೀಟು ಸಿಕ್ಕರೂ ಅನುಮಾನ, ಸಿಗದಿದ್ದರೂ ಅನುಮಾನ.

ಭಟ್ಕಳದಲ್ಲಿ ಸರಕಾರಿ ವಕೀಲರ ಹುದ್ದೆ ಖಾಲಿ ಬಿದ್ದಾಗಲೆಲ್ಲ ಅತ್ತಿಗೆ ಅಲ್ಲಿಯ ಕೋರ್ಟಿಗೂ ಹೋಗಿ ಬರುತ್ತಾರೆ. ಅಲ್ಲಿಗೆ ಒಮ್ಮೆ ಹೆಬಳೆಯ ಒಬ್ಬ ಅಜ್ಜಿಯ ಫೈಲು ಬಂತು. ಮಳೆಗಾಲ ಶುರುವಾದಾಗಿನಿಂದ ಅಜ್ಜಿ ಮಾತೇ ಆಡಿಲ್ಲ, ಮನಸ್ಸಿಗೆ ಏನೋ ಆಗಿದೆ, ಮನೆಯಲ್ಲಿ ನೋಡಿಕೊಳ್ಳಲಾಗುವುದಿಲ್ಲ ಎಂದು ಮಕ್ಕಳ ದೂರು. ಅತ್ತಿಗೆ ಮನೆಗೆ ಬಂದು ಹುಡುಕಿದರು. ಮಾತಾಡದವರು ನಮ್ಮಲ್ಲಿ ಒಬ್ಬರೂ ಸಿಗಲಿಲ್ಲ. ಅವರಿಗೆ ಗಾಬರಿಯಾಯಿತು. ಲಕ್ಷಣ ನಿಜವಿರಬಹುದು! ಮರುದಿನ ಕೋರ್ಟಿನ ವರಾಂಡದಲ್ಲಿ ಅಜ್ಜಿಯ ಪಕ್ಕ ಕುಳಿತರು. ಊರು, ದೇವರು, ಮಂಡಿನೋವು ಎಲ್ಲ ಕೇಳಿದರು. ಅಜ್ಜಿ ಗೋಡೆ ನೋಡುತ್ತಿದ್ದಳು. ಏಳುವಾಗ ಸುಮ್ಮನೆ, ನಿಮ್ಮ ಸೊಸೆ ಮೀನುಸಾರು ಹೇಗೆ ಮಾಡುತ್ತಾಳೆ ಎಂದು ಕೇಳಿದರಂತೆ. ಅಜ್ಜಿ ಕುತ್ತಿಗೆ ತಿರುಗಿಸಿದಳು. ಶುರುಮಾಡಿದ್ದು ಹುಣಸೆಹುಳಿಯಿಂದ. ನ್ಯಾಯಾಧೀಶರು ಒಳಗೆ ಕರೆಸಿದಾಗಲೂ ನಿಲ್ಲಿಸಲಿಲ್ಲ. ಇದು ಕಾಯಿಲೆ ಅಲ್ಲ ಸ್ವಾಮಿ, ಅಸಹಕಾರ ಎಂದು ಅತ್ತಿಗೆ ಹೇಳಿದರು. ಮಕ್ಕಳು ದೂರನ್ನು ಬಿಟ್ಟರು. ಹಿಂದಿರುಗುವಾಗ ಹಿರಿಯ ಮಗ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದ. ಇನ್ನು ಇವಳನ್ನು ಸುಮ್ಮನಾಗಿಸಲು ಯಾವ ಕೋರ್ಟಿಗೆ ಹೋಗಬೇಕು ಎಂದು ಕೇಳುವವನಂತೆ ಅತ್ತಿಗೆಗೆ ಕಂಡ.

ಇನ್ನೊಂದು ವಿಚಿತ್ರ. ಇಂಥ ಖಟ್ಲೆಗಳಲ್ಲಿ ಎದುರು ಪಕ್ಷಕ್ಕೆ ಕಾನೂನು ನೆರವಿನ ಒಬ್ಬ ವಕೀಲರನ್ನು ಕೊಡುತ್ತಾರೆ. ಹೊನ್ನಾವರದಲ್ಲಿ ಆ ಕೆಲಸ ಒಬ್ಬ ಹಿರಿಯರದು. ಒಳ್ಳೆಯ ಮನುಷ್ಯ. ಆದರೆ ಎದ್ದು ನಿಂತು ‘ತಕರಾರಿಲ್ಲ’ ಎಂದು ಕೂರುವುದು ಬಿಟ್ಟು ಬೇರೆ ವಾದವನ್ನು ಅವರು ಕಲಿತಿರಲಿಲ್ಲ. ಬೇರೆ ಯಾವ ಸರಕಾರಿ ವಕೀಲರಾದರೂ ಅವರಿಗೆ ಚಹಾ ಕುಡಿಸುತ್ತಿದ್ದರು. ಅತ್ತಿಗೆ ಚಹಾ ಕುಡಿಸಿ, ತಮ್ಮ ವಿರುದ್ಧ ಹೇಗೆ ವಾದಿಸಬೇಕೆಂದು ಕ್ಯಾಂಟೀನಿನಲ್ಲಿ ಪಾಠ ಹೇಳಿಕೊಡುತ್ತಾರೆ! ನಾನು ಹೀಗೆ ಹೇಳಿದಾಗ ನೀವು ಹೀಗೆ ತಡೆಯಿರಿ, ಡಾಕ್ಟರರ ಚೀಟಿ ಎಲ್ಲಿ ಎಂದು ಕೇಳಿ, ಮನೆಯವರಿಗೆ ಏನು ಲಾಭ ಎಂದು ಕೇಳಿ. ಹಿರಿಯರು ತಲೆಯಾಡಿಸಿ, ಬನ್ಸ್ ಮುಗಿಸಿ, ಒಳಗೆ ಹೋಗಿ ‘ತಕರಾರಿಲ್ಲ’ ಎಂದು ಕೂರುತ್ತಿದ್ದರು.

ಹೀಗಿರುವಾಗ ನಮ್ಮ ಹೊಳೆಯಾಚೆಯ ಕಾಸರಕೋಡದ ಒಬ್ಬ ತಾಂಡೇಲರ ಫೈಲು ಬಂತು.

ತಾಂಡೇಲ ಎಂದರೆ ಮೀನಿನ ಬೋಟು ನಡೆಸುವವ. ಇವರಿಗೆ ವಯಸ್ಸಾಗಿ ಬೋಟು ಬಿಟ್ಟು ಕೆಲವು ವರ್ಷವಾಗಿತ್ತು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಸಂಜೆ ಬೋಟುಗಳು ಹಿಂದಿರುಗುವ ಹೊತ್ತಿಗೆ ಇವರು ಒಂದು ಕೆಂಪು ಬಟ್ಟೆ ಹಿಡಿದು ನೀರಿಗಿಳಿಯುತ್ತಾರೆ. ಮೊಣಕಾಲು, ಸೊಂಟ, ಎದೆ, ಆಮೇಲೆ ಕುತ್ತಿಗೆ. ಅಲ್ಲಿ ನಿಂತು ಬೋಟುಗಳಿಗೆ ದಾರಿ ತೋರಿಸುತ್ತಾರೆ. ಅವರು ತೋರಿಸುವ ದಾರಿಯಲ್ಲಿ ಈಗ ಮರಳಿನ ದಿಬ್ಬ ಬೆಳೆದಿದೆ. ಹಾಗಾಗಿ ಯಾರೂ ಆ ಕಡೆ ಹೋಗುವುದಿಲ್ಲ. ಹಿಂದೆ ಯಾವುದಾದರೂ ದುರಂತವಾಗಿತ್ತೇ ಎಂದು ಕೇಳಿದೆವು. ಆಗಿರಲಿಲ್ಲ. ಅವರ ಬೋಟು ಎಂದೂ ಮಗುಚಿಲ್ಲ, ಮನೆಯವರು ಯಾರೂ ಮುಳುಗಿಲ್ಲ. ಕಾರಣ ಹುಡುಕಿದವರಿಗೆಲ್ಲ ನಿರಾಸೆಯೇ.

ವರದಿಯಲ್ಲಿ ಇನ್ನೊಂದು ಸಾಲಿತ್ತು. ಹೆಂಡತಿ ಅವರನ್ನು ಹಗ್ಗದಿಂದ ಕಟ್ಟುತ್ತಾಳೆ ಎಂದು. ಅದು ನಿಜ. ಆದರೆ ಹೇಗೆ ಕಟ್ಟುತ್ತಾಳೆ ಎಂದು ಪೊಲೀಸರು ಬರೆದಿರಲಿಲ್ಲ. ಒಂದು ಸಂಜೆ ಅತ್ತಿಗೆಯ ಜೊತೆ ಹೋಗಿ ನಾನು ಕಣ್ಣಾರೆ ಕಂಡದ್ದು ಹೀಗೆ. ಹಗ್ಗದ ಒಂದು ತುದಿ ಗಂಡನ ಸೊಂಟಕ್ಕೆ, ಇನ್ನೊಂದು ಅವಳ ಸೊಂಟಕ್ಕೆ. ಅವರು ನೀರಿನಲ್ಲಿ ಮುಂದೆ, ಅವಳು ದಡದಲ್ಲಿ ಕಾಲೂರಿ ಹಿಂದೆ. ಅಲೆ ಎಳೆದಾಗ ಅವಳೂ ಎರಡು ಹೆಜ್ಜೆ ನೀರಿಗೆ ಹೋಗುತ್ತಿದ್ದಳು. ಮತ್ತೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು.

“ವಕೀಲಬಾಯಿ, ಕಳಿಸೂದು ಬ್ಯಾಡ,” ಎಂದಳು ಅವಳು ಅತ್ತಿಗೆಗೆ. “ನಮ್ಮ ಮಾವ ಒಬ್ರು ಹಂಗೆ ಧಾರವಾಡಕ್ಕೆ ಹೋದವ್ರು ಬರಲೇ ಇಲ್ಲ. ಹಗ್ಗ ಗಟ್ಟಿ ಅದೆ.”

ಅತ್ತಿಗೆ ಹಗ್ಗ ನೋಡಲಿಲ್ಲ. ಅವಳ ಸೊಂಟ ನೋಡಿದರು. ಸೀರೆಯ ಮೇಲೆ ಹಗ್ಗ ಉಜ್ಜಿ ಆ ಜಾಗದಲ್ಲಿ ಬಟ್ಟೆ ಸವೆದಿತ್ತು.

ಪದ್ಧತಿಯಂತೆ ಪರೀಕ್ಷೆ ನಡೆಯಬೇಕಲ್ಲ? ‘ಕಡಲಿಗೆ ಸನ್ನೆ ಮಾಡುತ್ತಾರೆ’ ಎಂಬ ಲಕ್ಷಣ ನನ್ನ ಪಾಲಿಗೆ ಬಂತು. ಮರುದಿನ ಅತ್ತಿಗೆ ನನ್ನನ್ನು ಸ್ಕೂಟರಿನಲ್ಲಿ ಸೇತುವೆ ದಾಟಿಸಿ ಕರೆದುಕೊಂಡು ಹೋಗಿ, ಸ್ವಲ್ಪ ದೂರದ ದಡದಲ್ಲಿ ನನ್ನ ಕೈಗೆ ಒಂದು ಟವೆಲು ಕೊಟ್ಟರು. ಬೀಸಿ ನೋಡಿ ಮಾಸ್ತರ್ರೇ, ಏನನಿಸುತ್ತದೆ ಹೇಳಿ ಎಂದರು. ನಾನು ಬೀಸಿದೆ. ಮೀನು ಒಣಗಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿದರು. ಯಾರೋ ಮೊಬೈಲು ಎತ್ತಿದರು. ಆ ವಿಡಿಯೊ ಸಂಜೆಯೊಳಗೆ ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೂ ಬಂತು. ನಾಳೆ ಬರುತ್ತೀರಲ್ಲ, ಆರಾಮಲ್ಲ ಎಂದು ಹೆಡ್‌ಮಾಸ್ತರರು ಬಹಳ ಮೆತ್ತಗಿನ ದನಿಯಲ್ಲಿ ಫೋನು ಮಾಡಿದರು.

ಆದರೆ ನಡೆದ ಇನ್ನೊಂದು ಸಂಗತಿಯನ್ನು ನಾನು ಹೆಡ್‌ಮಾಸ್ತರರಿಗೆ ಹೇಳಲಿಲ್ಲ. ಬೀಸುತ್ತಿರುವಾಗ ದೂರದಲ್ಲಿ ಒಂದು ಬೋಟು ಕಾಣಿಸಿತು. ಅತ್ತಿಗೆ, ಸಾಕು, ನಿಲ್ಲಿಸಿ ಎಂದರು. ನನಗೆ ನಿಲ್ಲಿಸಲಾಗಲಿಲ್ಲ. ನಿಲ್ಲಿಸಿದರೆ ಅದು ಬಾರದೇ ಹೋದೀತು ಎನಿಸಿತು. ಹಾಗಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೋಟು ಒಳಗೆ ಬರುವ ತನಕ ಬೀಸಿದೆ. ಅತ್ತಿಗೆ ನನ್ನ ಕೈಯಿಂದ ಟವೆಲು ತೆಗೆದುಕೊಂಡರು. “ಇದೂ ಮನೇಲಿ ಸಿಕ್ತು,” ಎಂದರು.

ಹಾಗಾದರೆ ತಾಂಡೇಲರನ್ನು ಕಳಿಸಬಾರದಲ್ಲ? ನಾನೂ ಹಾಗೇ ಎಂದುಕೊಂಡೆ. ಆದರೆ ಅತ್ತಿಗೆಗೆ ಒಂದು ಲಕ್ಷಣ ಮಾತ್ರ ಸಿಗಲಿಲ್ಲ. ನೀರು. ನಮ್ಮ ಮನೆಯವರು ಎಷ್ಟೇ ಕೆಟ್ಟರೂ ಕುತ್ತಿಗೆಯಷ್ಟು ನೀರಿನಲ್ಲಿ ನಿಲ್ಲುವವರಲ್ಲ. ಅಮ್ಮನನ್ನು, ಅಣ್ಣನನ್ನು, ನನ್ನನ್ನು ಒಬ್ಬೊಬ್ಬರಾಗಿ ನೋಡಿದರು. ಯಾರಿಂದಲೂ ಉಪಯೋಗವಾಗಲಿಲ್ಲ. ಅಷ್ಟು ಸಪ್ಪೆ ಮುಖದಲ್ಲಿ ಅವರು ನಮ್ಮನ್ನು ನೋಡಿದ್ದು ಅದೇ ಮೊದಲು.

ವಿಚಾರಣೆಯ ದಿನ ನಾನು ರಜೆ ಹಾಕಿ ಹೋದೆ. ಇಂಥ ವಿಚಾರಣೆ ನಡೆಯುವುದು ನ್ಯಾಯಾಧೀಶರ ಕೋಣೆಯೊಳಗೆ. ನಾನು ಹೊರಗೆ ಬೆಂಚಿನ ಮೇಲೆ ಇದ್ದೆ. ಬಾಗಿಲು ಅರ್ಧ ತೆರೆದಿತ್ತು. ಆದ್ದರಿಂದ ಕೇಳಿದ್ದನ್ನು ಮಾತ್ರ ಹೇಳುತ್ತೇನೆ.

ಅತ್ತಿಗೆ ತಾಂಡೇಲರನ್ನೇ ಕೇಳಿದರು, ನೀರಿಗೆ ಯಾಕೆ ಇಳಿಯುತ್ತೀರಿ ಎಂದು.

“ದಡದಲ್ಲಿ ನಿಂತ್ರೆ ಅವ್ರಿಗೆ ಕಾಣೂದಿಲ್ಲ.”

“ಆಳ ಅಲ್ದಾ ಅಲ್ಲಿ?”

“ನಂಗೆಂತ ಆಳ. ಬೋಟಿಗೆ ಆಳ ಬೇಕು.”

ಆಮೇಲೆ ಯಾರೂ ನಿರೀಕ್ಷಿಸದ್ದು ನಡೆಯಿತು. ಕಾನೂನು ನೆರವಿನ ಹಿರಿಯರು ಎದ್ದು, ತಕರಾರಿದೆ ಎಂದರು! ಕ್ಯಾಂಟೀನಿನ ಅಷ್ಟೂ ಪಾಠವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದರು. ಯಾರಿಗೂ ಇವರು ಕೈ ಮಾಡಿಲ್ಲ. ಡಾಕ್ಟರರ ಚೀಟಿ ಇಲ್ಲ. ಹೆಂಡತಿ ಕಟ್ಟುತ್ತಿರುವುದು ಹಿಂಸೆಗಲ್ಲ, ಕಾಪಾಡಲು. ಅವಳೇ ಕಳಿಸಬೇಡಿ ಎನ್ನುವಾಗ ಸರಕಾರಕ್ಕೆ ಏನು ಅಧಿಕಾರ? ಇಷ್ಟು ವರ್ಷದ ಮೌನ ಅವರ ಗಂಟಲಲ್ಲಿ ಶೇಖರವಾಗಿತ್ತೋ ಏನೋ, ದನಿ ವರಾಂಡದ ಕೊನೆಯ ತನಕ ಕೇಳಿತು. ಅವರು ಗೆಲ್ಲುತ್ತಾರೆ ಎಂದೇ ನನಗೆ ಅನಿಸಿತು. ಗೆಲ್ಲಲಿ ಎಂದೂ ಅನಿಸಿತು. ಸೋಲಲಿ ಎಂದೂ ಅನಿಸಿತು.

ನ್ಯಾಯಾಧೀಶರು ಅತ್ತಿಗೆಯ ಉತ್ತರ ಕೇಳಿದರು.

“ಅವರು ಹೇಳಿದ್ದೆಲ್ಲ ಸರಿ ಸ್ವಾಮಿ,” ಎಂದರು ಅತ್ತಿಗೆ. “ಆದರೆ ಹಗ್ಗದ ಇನ್ನೊಂದು ತುದಿಯಲ್ಲಿ ಇವರ ಹೆಂಡತಿ ಇದ್ದಾಳೆ.”

ಅಷ್ಟೇ ಅವರ ವಾದ. ತಪಾಸಣೆಗೆ ಕಳಿಸಬೇಕು, ಹೆಂಡತಿಯನ್ನೂ ಜೊತೆಗೆ ಹೋಗಬಿಡಬೇಕು, ಅವಳು ಅಲ್ಲಿಯೇ ಉಳಿಯುವ ಏರ್ಪಾಡು ಆಗಬೇಕು ಎಂದು ಬೇಡಿಕೊಂಡರು. ಆದೇಶ ಹಾಗೆಯೇ ಆಯಿತು. ಹೊರಗೆ ಬಂದವರು ನನ್ನ ಪಕ್ಕ ಕುಳಿತು, ಗೆದ್ದೆನಾ ಮಾಸ್ತರ್ರೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಸಂಜೆ ಕಾಸರಕೋಡಕ್ಕೆ ಪೊಲೀಸರ ಗಾಡಿ ಬಂತು, ಅದರ ಹಿಂದೆಯೇ ಸ್ಕೂಟರಿನಲ್ಲಿ ಅತ್ತಿಗೆ ಮತ್ತು ನಾನು. ಹೆಂಡತಿ ಗಂಟು ಕಟ್ಟಿ ಸಿದ್ಧಳಾಗಿದ್ದಳು. ತಾಂಡೇಲರು ಮಾತ್ರ ಹತ್ತಲು ಒಪ್ಪಲಿಲ್ಲ. ಬೋಟುಗಳು ಇನ್ನೂ ಬಂದಿಲ್ಲ ಎಂದರು. ಕೆಂಪು ಬಟ್ಟೆ ಹಿಡಿದು ಅಳಿವೆಯ ಕಡೆ ನಡೆದೇಬಿಟ್ಟರು. ಹೆಂಡತಿ ಓಡಿಹೋಗಿ ಹಗ್ಗ ಕಟ್ಟಿದಳು. ಪೊಲೀಸರು ಅತ್ತಿಗೆಯ ಮುಖ ನೋಡಿದರು. ಎಳೆದು ತನ್ನಿ ಎಂದಿದ್ದರೆ ತರುತ್ತಿದ್ದರು.

ಅತ್ತಿಗೆ ಚಪ್ಪಲಿ ಬಿಟ್ಟರು. ಕರಿ ಕೋಟಿನಲ್ಲೇ ಮರಳಿಗಿಳಿದು, ಹೆಂಡತಿಯ ಸೊಂಟದ ಗಂಟು ಬಿಚ್ಚಿ ಹಗ್ಗವನ್ನು ಕೋಟಿನ ಮೇಲಿಂದ ತಮಗೆ ಬಿಗಿದುಕೊಂಡರು. ಇವತ್ತೊಂದು ದಿನ ನಾನು ಹಿಡಿಯುತ್ತೇನೆ, ನೀನು ಕೂತುಕೋ ಎಂದರು. ನಾನು ಹೋಗಿ ಅವರ ಹಿಂದೆ ಹಗ್ಗ ಹಿಡಿದೆ. ನಮ್ಮಿಬ್ಬರನ್ನೂ ಸೇರಿಸಿ ಅಲೆ ಎಳೆಯಿತು. ಅವಳೊಬ್ಬಳೇ ಇದನ್ನು ಹೇಗೆ ಹಿಡಿಯುತ್ತಿದ್ದಳು?

ಹೆಂಡತಿ ಕೂರಲಿಲ್ಲ. ಕೈ ಖಾಲಿಯಾದವಳಿಗೆ ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ದಡಗುಂಟ ಮುಂದಕ್ಕೆ ನಡೆದು, ಬಂಡೆಗಲ್ಲುಗಳು ನೀರಿಗೆ ಚಾಚಿಕೊಂಡ ಕಡೆ ಹತ್ತಿ, ಗಂಡನ ಎದುರಿಗೆ ಬರುವಂತೆ ತಿರುಗಿ ನಿಂತಳು. ಒಂದು ಬೋಟು ದಿಬ್ಬವನ್ನು ಬಳಸಿಕೊಂಡು ಒಳಗೆ ಬಂತು. ತಾಂಡೇಲರ ಕೈ ಮೇಲಿತ್ತು. ನಮಗೆ ಕಂಡದ್ದು ಅವರ ತಲೆಯ ಹಿಂಭಾಗ ಮಾತ್ರ.

ಅವಳು ಓಡಿಕೊಂಡು ಬಂದಳು. ಏನೋ ಆಯಿತೆಂದು ಅತ್ತಿಗೆ ಹಗ್ಗವನ್ನು ಇನ್ನಷ್ಟು ಬಿಗಿಹಿಡಿದರು.

“ಬಾಯಿ,” ಎಂದಳು ಅವಳು. ಉಸಿರು ಸಾಲುತ್ತಿರಲಿಲ್ಲ. “ಬೋಟು ಒಳಗೆ ಬಂದ್ರೆ ಇವ್ರು ನಗಾಡ್ತಾರೆ. ಇಷ್ಟು ದಿವ್ಸ ನಾನು ಬೆನ್ನೇ ನೋಡಿದ್ದು.”

ಅತ್ತಿಗೆ ತಿರುಗಲಿಲ್ಲ. ತಿರುಗಿದರೆ ಹಗ್ಗ ಸಡಿಲವಾಗುತ್ತಿತ್ತು.

“ಹೋಗಿ ನೋಡ್ಕೊ ಅಕ್ಕ,” ಎಂದರು. “ಇನ್ನೂ ಎರಡು ಬೋಟು ಬರೂದದೆ.”